ತುಮಕೂರಿಂದ ಯಶವಂತಪುರದ ತನಕ ಕೇಳೋಕೆ ಒಂದೇ ಒಂದು ರೆಕಾರ್ಡಿಂಗ್ ಹೇಳಿ

ಕ್ಯಾತ್ಸಂದ್ರ ಪ್ಯಾಸೆಂಜರ್:
ದಿನಾ ಬೆಳಿಗ್ಗೆ ತುಮಕೂರಿಂದ ಯಶವಂತಪುರಕ್ಕೆ ರೈಲಲ್ಲಿ ಹೋಗುತ್ತೇನೆ. ಹೆಚ್ಚುಕಮ್ಮಿ ಒಂದೂವರೆ ಗಂಟೆ. ಮೊದಲೆಲ್ಲ ಇಸ್ಪೀಟಿನವರ ಜೊತೆ ಕೂರುತ್ತಿದ್ದೆ. ಈಗ ಕಿಟಕಿ ಪಕ್ಕ ಸೀಟು ಸಿಕ್ಕರೆ ಇಯರ್‌ಫೋನ್ ಹಾಕಿಕೊಂಡು ಸಂಗೀತ ಕೇಳುತ್ತೇನೆ.

ತೊಂದರೆ ಏನಪ್ಪಾ ಅಂದರೆ, ಫೋನಿನಲ್ಲಿ ಬೇಕಾದಷ್ಟಿದೆ, ಯಾವುದನ್ನೂ ಪೂರ್ತಿ ಕೇಳುತ್ತಿಲ್ಲ. ಕ್ಯಾತ್ಸಂದ್ರದಲ್ಲಿ ಒಂದು ಆಲಾಪನೆ ಹಾಕಿದರೆ ಹಿರೇಹಳ್ಳಿ ಬರುವಷ್ಟರಲ್ಲಿ ಇನ್ನೊಂದಕ್ಕೆ ಹಾರಿರುತ್ತೇನೆ. ದಾಬಸ್‌ಪೇಟೆಗೆ ಮೂರನೆಯದು. ಮದುವೆ ಊಟದಲ್ಲಿ ಎಲ್ಲದರಲ್ಲೂ ಒಂದೊಂದು ತುತ್ತು ತಿಂದು ಎಲೆ ಮಡಿಸಿ ಎದ್ದ ಹಾಗೆ.

ಅದಕ್ಕೇ ಕೇಳುತ್ತಿದ್ದೇನೆ. ಒಬ್ಬರಿಗೆ ಒಂದೇ ಕೃತಿ, ಒಂದೇ ರೆಕಾರ್ಡಿಂಗ್. ಯಾರು ಹಾಡಿದ್ದು, ಯಾಕೆ ಇಷ್ಟ, ಅಷ್ಟು ಬರೆಯಿರಿ. ಪಟ್ಟಿ ಕೊಟ್ಟವರು ದಂಡ ಕಟ್ಟಬೇಕು: ಎಲ್ಲರಿಗೂ ತಟ್ಟೆ ಇಡ್ಲಿ.

ನನ್ನದು ಜಿ.ಎನ್. ಬಾಲಸುಬ್ರಹ್ಮಣ್ಯಂ ಹಾಡಿದ ‘ವಾಸುದೇವಯನಿ’, ಕಲ್ಯಾಣಿ ರಾಗ. ಸ್ವರ ಹಾಕಲು ಶುರು ಮಾಡಿದರೆ ನಿಡವಂದ ದಾಟಿದ ಮೇಲೆ ಇಂಜಿನ್ ಜೋರು ಹಿಡಿಯುತ್ತದಲ್ಲ, ಹಾಗಿರುತ್ತದೆ. ಕೃಷ್ಣನ ಮೇಲೆ ಅಷ್ಟು ಚೆನ್ನಾದ ಹಾಡು ಇನ್ನೊಂದಿಲ್ಲ.

ಶ್ರುತಿಪೆಟ್ಟಿಗೆ:
ಪಟ್ಟಿ ಕೊಡುವವನೇ ನಾನು. ಯಾವ ಹೋಟೆಲು ಹೇಳಿ.

ಚಿಂತಾಮಣಿ ಕಡ್ಲೆಕಾಯಿ:
ಪ್ಯಾಸೆಂಜರ್ ಸಾರ್, ಬೇಜಾರು ಮಾಡ್ಕೋಬೇಡಿ. ಅದು ಕೃಷ್ಣನ ಮೇಲಿನ ಹಾಡಲ್ಲ. ಬಾಗಿಲು ಕಾಯುವವನ ಮೇಲಿನ ಹಾಡು.

ನಮ್ಮ ಮನೆಯಲ್ಲಿ ಮಾತು ತೆಲುಗು, ಓದು ಬರಹ ಕನ್ನಡ. ಪಲ್ಲವಿ ಬಿಡಿಸಿ ನೋಡಿ. ‘ವಾಸುದೇವ ಅನಿ ವೆಡಲಿನ ಈ ದೌವಾರಿಕುನಿ ಕನರೇ’. ವಾಸುದೇವಾ ಅನ್ನುತ್ತಾ ಹೊರಟಿರುವ ಈ ದ್ವಾರಪಾಲಕನನ್ನು ನೋಡಿರೇ, ಅಂತ. ‘ವಾಸುದೇವಯನಿ’ ಅನ್ನುವುದು ಒಂದು ಪದವೇ ಅಲ್ಲ, ಎರಡು ಪದ ಸೇರಿ ಹಾಗೆ ಕೇಳಿಸುತ್ತದೆ. ತ್ಯಾಗರಾಜರು ಬರೆದ ‘ಪ್ರಹ್ಲಾದ ಭಕ್ತಿ ವಿಜಯಮು’ ಎಂಬ ನಾಟಕದಲ್ಲಿ ಬರುತ್ತದೆ.

ಕ್ಯಾತ್ಸಂದ್ರ ಪ್ಯಾಸೆಂಜರ್:
ಏನು! ಹನ್ನೆರಡು ವರ್ಷದಿಂದ ವಾಚ್‌ಮನ್ ಹಾಡು ಕೇಳಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆನಾ?

ಚಿಂತಾಮಣಿ ಕಡ್ಲೆಕಾಯಿ:
ಮುಗಿಯಿರಿ, ಪರವಾಗಿಲ್ಲ. ಅವನೂ ವಾಸುದೇವಾ ಅಂತಲೇ ಬರುತ್ತಿದ್ದಾನೆ.

ಗುಬ್ಬಿ ಮೇಷ್ಟ್ರು:
ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನಾಟಕ ಅಂದ ಮೇಲೆ ಪಾತ್ರಧಾರಿ ರಂಗಕ್ಕೆ ಬರಬೇಕು, ಬರುವಾಗ ಒಂದು ಹಾಡು ಬೇಕು. ನಮ್ಮೂರಿನ ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು. ವೀರಣ್ಣನವರ ಕಾಲದ ನಾಟಕ ನೋಡಿದವರು ನಮ್ಮ ಮನೆಯಲ್ಲೇ ಇದ್ದರು. ನಮ್ಮ ತಂದೆ ಹೇಳುತ್ತಿದ್ದರು, ಜನ ಕಥೆ ನೋಡಲು ಬರುತ್ತಿರಲಿಲ್ಲ, ಕಥೆ ಎಲ್ಲರಿಗೂ ಗೊತ್ತಿತ್ತು. ಪಾತ್ರ ಒಳಗಿಂದಲೇ ಹಾಡು ಎತ್ತಿಕೊಂಡು ಬರುತ್ತದಲ್ಲ, ಆ ಗಳಿಗೆಗೆ ಕಾಯುತ್ತಿದ್ದರು. ಚೆನ್ನಾಗಿದ್ದರೆ ‘ಒನ್ಸ್ ಮೋರ್’. ಸತ್ತ ಪಾತ್ರವೂ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯಬೇಕು.

ಕಾಲಿನಿಂದ ತುಳಿಯುವ ಹಾರ್ಮೋನಿಯಂ ಒಂದು ಕಡೆ, ತಬಲ ಒಂದು ಕಡೆ. ರಾಗದ ಹೆಸರು ಗೊತ್ತಿಲ್ಲದವರ ಬಾಯಲ್ಲೂ ಕಾಪಿ, ಕಲ್ಯಾಣಿ ಓಡಾಡುತ್ತಿದ್ದವು. ಆ ಹಾರ್ಮೋನಿಯಂ ಅನ್ನು ಆಕಾಶವಾಣಿಯವರು 1940ರಲ್ಲಿ ಹೊರಗೆ ಹಾಕಿದರು. ನಮ್ಮ ಗಮಕ, ಅಂದರೆ ಸ್ವರವನ್ನು ತೂಗಿ ಆಡಿಸುವುದು, ಅದರಲ್ಲಿ ಬರುವುದಿಲ್ಲ ಅಂತ. ಮೂವತ್ತು ವರ್ಷ ಅದು ರೇಡಿಯೋ ಹೊಸ್ತಿಲು ತುಳಿಯಲಿಲ್ಲ. ಕಾರಣ ಸರಿಯೇ ಇರಬಹುದು, ಆದರೂ ನನಗೆ ಆ ಸಿಟ್ಟು ಹೋಗಿಲ್ಲ.

ನನ್ನ ಆಯ್ಕೆ: ಬಿ.ಎಸ್. ರಾಜಯ್ಯಂಗಾರ್ ಹಾಡಿದ ‘ಜಗದೋದ್ಧಾರನ ಆಡಿಸಿದಳೆಶೋದೆ’. ಪುರಂದರದಾಸರದ್ದು, ಕಾಪಿ ರಾಗ. ಹಳೇ ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷ ಚಿಲ್ಲರೆ ಅಷ್ಟೇ ಹಿಡಿಸುತ್ತಿತ್ತು. ಅದರೊಳಗೆ ಒಂದು ತೊಟ್ಟಿಲು, ಒಬ್ಬ ತಾಯಿ, ಒಂದು ಮಗು, ಎಲ್ಲಾ ಬಂದುಬಿಡುತ್ತವೆ. ಎಳೆದಾಡಲು ಜಾಗವೇ ಇಲ್ಲ. ಈಗಿನವರು ಇಪ್ಪತ್ತು ನಿಮಿಷ ತೊಟ್ಟಿಲು ತೂಗುತ್ತಾರೆ, ಮಗು ಎದ್ದು ಅಳುತ್ತದೆ.

ತನಿ ಪ್ರಿಯ:
ಮೇಷ್ಟ್ರೇ, ಮೂರು ನಿಮಿಷಕ್ಕೆ ಇವರ ರೈಲು ಪ್ಲಾಟ್‌ಫಾರ್ಮ್ ಬಿಟ್ಟಿರಲ್ಲ.

ಗುಬ್ಬಿ ಮೇಷ್ಟ್ರು:
ಹಾಗಾದರೆ ಇಪ್ಪತ್ತೈದು ಸಲ ಕೇಳಲಿ.

ಮಾರ್ವಾ ಭಕ್ತ:
ಬರೀ ಕರ್ನಾಟಕ ಸಂಗೀತವೇ ಆಯಿತು. ತುಮಕೂರಲ್ಲಿ ಹಿಂದೂಸ್ತಾನಿ ಕೇಳುವವರೂ ಇದ್ದೇವೆ ಸ್ವಾಮಿ. ಭೀಮಸೇನ ಜೋಶಿಯವರ ಪೂರಿಯಾ ಧನಾಶ್ರೀ ಹಾಕಿಕೊಳ್ಳಿ. ಮಂದ್ರದಿಂದ ಎದ್ದು ಮೇಲಿನ ಷಡ್ಜಕ್ಕೆ ಬಂದು ನಿಲ್ಲುತ್ತಾರಲ್ಲ, ಆಗ ಸೀಟು ಬಿಟ್ಟುಕೊಡಿ ಅಂತ ಯಾರು ಕೇಳಿದರೂ ಕೇಳಿಸುವುದಿಲ್ಲ.

ಗೌರಿಬಿದನೂರು ಅಕ್ಕ:
ಬೆಳಿಗ್ಗೆ ಏಳು ಗಂಟೆ ರೈಲಿಗೆ ಪೂರಿಯಾ ಧನಾಶ್ರೀನಾ? ಅದು ದೀಪ ಹಚ್ಚುವ ಹೊತ್ತಿನ ರಾಗ ಕಣಪ್ಪಾ.

ಮಾರ್ವಾ ಭಕ್ತ:
ಅಕ್ಕ, ಇಯರ್‌ಫೋನಿಗೆ ಸಂಜೆ ಬೆಳಿಗ್ಗೆ ಅಂತ ಇದೆಯಾ? ಅವರು ಹಾಡಿದ್ದು ಸ್ಟುಡಿಯೋದಲ್ಲಿ. ಆಗ ಗಡಿಯಾರ ಎಷ್ಟು ತೋರಿಸುತ್ತಿತ್ತೋ ಯಾರಿಗೆ ಗೊತ್ತು.

ಗೌರಿಬಿದನೂರು ಅಕ್ಕ:
ಬೆಳಿಗ್ಗೆ ಎದ್ದು ಬಿಸಿಬೇಳೆಬಾತ್ ತಿನ್ನಬಹುದು. ತಿನ್ನಬಾರದು ಅಂತ ಕಾನೂನೇನಿಲ್ಲ. ಆದರೆ ನಾನು ತಿನ್ನಲ್ಲ.

ನನ್ನದು ಮಲ್ಲಿಕಾರ್ಜುನ ಮನ್ಸೂರ ಅವರ ಯಮನಿ ಬಿಲಾವಲ್. ಬೆಳಗಿನದೇ. ಯಮನ್ ಇದೆ ಅನ್ನುವಷ್ಟರಲ್ಲಿ ಬಿಲಾವಲ್ ಆಗಿರುತ್ತದೆ, ಬಿಲಾವಲ್ ಅಂತ ಬೆರಳು ಮಡಿಸುವಷ್ಟರಲ್ಲಿ ಯಮನ್ ಕಡೆ ತಿರುಗಿರುತ್ತಾರೆ. ಧಾರವಾಡದ ಹತ್ತಿರದ ಮನ್ಸೂರಿನವರು. ಮಂಜಿ ಖಾನ್, ಆಮೇಲೆ ಅವರ ತಮ್ಮ ಭುರ್ಜಿ ಖಾನ್ ಹತ್ತಿರ ಕಲಿತದ್ದು. ಅವರ ತಾನ್‌ಗಳಲ್ಲಿ, ಅಂದರೆ ವೇಗವಾಗಿ ಓಡುವ ಸ್ವರಸಾಲುಗಳಲ್ಲಿ, ಉಸಿರು ಎಲ್ಲಿ ತೆಗೆದುಕೊಂಡರು ಅಂತ ಹುಡುಕುವುದೇ ನನಗೊಂದು ಆಟ. ಅಡುಗೆಮನೆಯಲ್ಲಿ ಹಾಕಿಕೊಂಡು ಎರಡು ಸಲ ಸಾರು ಉಕ್ಕಿಸಿದ್ದೇನೆ.

ಚಿಂತಾಮಣಿ ಕಡ್ಲೆಕಾಯಿ:
ಅದೇ ಪೂರಿಯಾ ಧನಾಶ್ರೀಯ ಸ್ವರಗಳನ್ನು ನಮ್ಮವರು ಪಂತುವರಾಳಿ ಅಂತ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹಾಡುತ್ತಾರೆ. ಸೂರ್ಯ ಸುಮ್ಮನೇ ಇರುತ್ತಾನೆ.

ಗೌರಿಬಿದನೂರು ಅಕ್ಕ:
ಸ್ವರ ಒಂದೇ ಆದರೆ ರಾಗ ಒಂದೇ ಆಗುತ್ತಾ? ಅದೇ ಅಕ್ಕಿಯಲ್ಲಿ ಇಡ್ಲೀನೂ ಆಗುತ್ತೆ, ಚಕ್ಕುಲೀನೂ ಆಗುತ್ತೆ. ಈ ಮಾತು ಇಲ್ಲಿಗೆ ಬಿಡೋಣ.

(ಬಿಡಲಿಲ್ಲ. ಇದೇ ಜಗಳದ ಹದಿನೇಳು ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ನಿರ್ವಾಹಕ)

ಹುಳುಮನೆ:
ಶಿಡ್ಲಘಟ್ಟದ ಕಡೆಯವನು. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ನಾಲ್ಕನೇ ಜ್ವರ (ಪೊರೆ ಬಿಡುವ ಹೊತ್ತಿನ ನಿದ್ದೆ) ಎದ್ದ ಮೇಲೆ ಹುಳುವಿಗೆ ಹಸಿವು ಅಂದರೆ ಹಸಿವು. ಸೊಪ್ಪು ಹಾಕಿ ಐದು ನಿಮಿಷಕ್ಕೆ ಮನೆ ತುಂಬ ಸರಸರ ಸದ್ದು. ಹೊರಗಡೆ ಮಳೆ ಬಂತೇನೋ ಅನ್ನಬೇಕು, ಹಾಗೆ. ರಾತ್ರಿ ಕೊನೇ ಸೊಪ್ಪು ಹಾಕುವ ತನಕ ನಿದ್ದೆ ಬರಬಾರದು ಅಂತ ಅಪ್ಪ ಒಂದು ರೇಡಿಯೋ ಇಟ್ಟುಕೊಂಡಿದ್ದರು. ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ. 1952ರಿಂದ ಬರುತ್ತಿದ್ದದ್ದು. ಅಪ್ಪನಿಗೆ ರಾಗ ತಾಳ ಒಂದೂ ಗೊತ್ತಿರಲಿಲ್ಲ. ಮಾತು ಕಮ್ಮಿ, ಹುಳುಗಳಿಗೂ ತೊಂದರೆ ಇಲ್ಲ ಅಂತ ಹಾಕುತ್ತಿದ್ದರು.

ಒಂದು ಶನಿವಾರ ಯಾರೋ ಹಾಡುತ್ತಿದ್ದರು. ಬಾವಿಯೊಳಗಿಂದ ಬಂದ ಹಾಗೆ ದಪ್ಪ ದನಿ. ಎಷ್ಟು ನಿಧಾನ ಅಂದರೆ, ಒಂದು ಸಾಲು ಹಾಡಿ ಮುಗಿಸುವಷ್ಟರಲ್ಲಿ ಅಪ್ಪ ಎರಡು ಬಿದಿರು ತಟ್ಟೆಗೆ ಸೊಪ್ಪು ಹರಡಿರುತ್ತಿದ್ದರು. ನನಗೆ ನಗು. ‘ಪಾಪ, ಇವರಿಗೆ ಹುಷಾರಿಲ್ವೇನಪ್ಪಾ’ ಅಂದೆ. ಅಪ್ಪ ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ನಿಂತಿದ್ದರು. ‘ಅವ್ರಿಗೆ ಆತುರ ಇಲ್ಲ ಕಣೋ’ ಅಂದರು.

ಎಷ್ಟೋ ವರ್ಷ ಆದ ಮೇಲೆ, ಗೆಳೆಯನ ಕಾರಿನಲ್ಲಿ ಎಂ.ಡಿ. ರಾಮನಾಥನ್ ಅವರ ಸಹಾನ ರಾಗ ಕೇಳಿದೆ. ‘ಗಿರಿಪೈ’. ಎರಡನೇ ಸಾಲಿಗೇ ಮೂಗಿಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂತು. ಅವತ್ತು ರೇಡಿಯೋದಲ್ಲಿ ಇದ್ದದ್ದು ಅವರೇ ಅಂತ ನನ್ನ ಲೆಕ್ಕ. ಅದೇ ನನ್ನ ಆಯ್ಕೆ. ಆದರೆ ಪ್ಯಾಸೆಂಜರ್ ಸಾರ್, ರೈಲಲ್ಲಿ ಬೇಡ. ಕತ್ತಲಲ್ಲಿ ಕೇಳಿ.

ಹೊಸಬ ಶಿರಾ:
ನಾನು ಅವರನ್ನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳುತ್ತೇನೆ. ಹಾಗೆ ಕೇಳಿದರೆ ಚೆನ್ನಾಗಿರುತ್ತೆ.

ಶ್ರುತಿಪೆಟ್ಟಿಗೆ:
ಹಾಗೆ ಕೇಳಿದರೆ ಅವರು ಬೇರೆ ಯಾರೋ ಆಗುತ್ತಾರೆ.

ಹುಳುಮನೆ:
ತಮ್ಮಾ, ಹುಳುವಿಗೂ ಬೇಗ ಗೂಡು ಕಟ್ಟು ಅಂತ ಹೇಳಿ ನೋಡು.

ಹೊಸಬ ಶಿರಾ:
ಆಯ್ತು ಆಯ್ತು, ಎಲ್ಲರೂ ಮೇಲೆ ಬೀಳಬೇಡಿ. ಕೇಳಲು ಶುರು ಮಾಡಿ ಆರು ತಿಂಗಳಾಯಿತು ಅಷ್ಟೇ. ನನಗೆ ಇಷ್ಟವಾದದ್ದು ತ್ಯಾಗರಾಜರ ‘ಬ್ರೋಚೇವಾರೆವರುರಾ’. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದು.

ತನಿ ಪ್ರಿಯ:
ತ್ಯಾಗರಾಜರದ್ದಲ್ಲ.

ಮಾರ್ವಾ ಭಕ್ತ:
ಹಿಂದೂಸ್ತಾನಿಯವನು ನಾನು, ನನಗೂ ಗೊತ್ತು. ತ್ಯಾಗರಾಜರದ್ದಲ್ಲ.

ಗುಬ್ಬಿ ಮೇಷ್ಟ್ರು:
ಹುಡುಗನನ್ನು ಹೆದರಿಸಬೇಡಿ. ತೆಲುಗಿನಲ್ಲಿದೆ, ರಾಮನ ಮೇಲಿದೆ, ಹಾಗಾಗಿ ತ್ಯಾಗರಾಜರದ್ದೇ ಅಂದುಕೊಳ್ಳುವುದು ಸಹಜ. ಅದು ನಮ್ಮ ಮೈಸೂರು ವಾಸುದೇವಾಚಾರ್ಯರದ್ದು, ಖಮಾಚ್ ರಾಗ. 1865ರಲ್ಲಿ ಹುಟ್ಟಿ 1961ರ ತನಕ ಬಾಳಿದವರು. ಅರಮನೆಯ ವಿದ್ವಾಂಸರು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಶಿಷ್ಯರು. ಕನ್ನಡನಾಡಿನವರು ಬರೆದದ್ದನ್ನು ಕನ್ನಡದವರೇ ಊರಾಚೆ ಕಳಿಸಿದರೆ ಹೇಗೆ?

ಚಿಂತಾಮಣಿ ಕಡ್ಲೆಕಾಯಿ:
ಗುರುತು ಹಿಡಿಯುವುದು ಸುಲಭ. ಕೊನೆಗೆ ಆನೆಯನ್ನು ಕಾಪಾಡಿದ ‘ವಾಸುದೇವ’ ನೀನೇ ಅಲ್ಲವೇ ಅಂತ ಬರುತ್ತದೆ. ಅದೇ ಅವರ ಅಂಕಿತ.

ಕ್ಯಾತ್ಸಂದ್ರ ಪ್ಯಾಸೆಂಜರ್:
ತಡೀರಿ. ವಾಸುದೇವ ಅಂತ ಇರುವುದು ವಾಸುದೇವಾಚಾರ್ಯರದ್ದು. ‘ವಾಸುದೇವಯನಿ’ ಮಾತ್ರ ತ್ಯಾಗರಾಜರದ್ದು. ಅದೂ ವಾಚ್‌ಮನ್ ಬಗ್ಗೆ. ನನಗೆ ಇವತ್ತು ರಜೆ ಬೇಕು.

ಕೆಜಿಎಫ್ ರೇಡಿಯೋ:
ನಮ್ಮ ಮನೆ ತಮಿಳು, ನೆರೆಮನೆ ತೆಲುಗು, ಶಾಲೆ ಕನ್ನಡ. ಸಂಗೀತಕ್ಕೆ ಮಾತ್ರ ಮಾತು ಬೇಡ ಅನ್ನುವವನು ನಾನು. ಟಿ.ಎನ್. ರಾಜರತ್ನಂ ಪಿಳ್ಳೈ ಅವರ ನಾಗಸ್ವರದ ತೋಡಿ. ಹಳೇ ತಟ್ಟೆ, ಕರಕರ ಜಾಸ್ತಿ. ಆ ಕರಕರದ ಹಿಂದಿನಿಂದ ಗಾಂಧಾರ ಸ್ವರ ತೂಗಿಕೊಂಡು ಬರುತ್ತದೆ. ಇದನ್ನು ಕೇಳಿದ ಮೇಲೆ ಹಾಡುಗಾರರ ತೋಡಿ ಕೇಳಿದರೆ, ಇವರೆಲ್ಲ ನಾಗಸ್ವರದಿಂದಲೇ ಕಲಿತರು ಅಂತ ಗೊತ್ತಾಗುತ್ತದೆ.

ಶ್ರುತಿಪೆಟ್ಟಿಗೆ:
ನಾಗಸ್ವರವೋ ನಾದಸ್ವರವೋ?

ಕೆಜಿಎಫ್ ರೇಡಿಯೋ:
ಬೇಡ. ಆ ಜಗಳ ಶುರು ಮಾಡಬೇಡಿ. ಕೋಲಾರದಲ್ಲಿ ವಾಲಗ ಅನ್ನುತ್ತಾರೆ, ಮುಗೀತು.

ಕೋಲಾರಮ್ಮನ ಬೀದಿ:
ವಾಲಗದ ಮಾತು ಬಂದಿದ್ದರಿಂದ ಹೇಳುತ್ತೇನೆ. ನನ್ನ ರೆಕಾರ್ಡಿಂಗ್ ಯಾವ ಅಂಗಡಿಯಲ್ಲೂ ಸಿಗಲ್ಲ.

ಕೋಲಾರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮುಹೂರ್ತ ಮುಗಿದಿತ್ತು. ಗಟ್ಟಿಮೇಳ ಬಾರಿಸಿ ಬಾರಿಸಿ ಡೋಲಿನವರ ಕೈ ಸೋತಿತ್ತು. ಎಲ್ಲರೂ ಊಟಕ್ಕೆ ಇಳಿದರು. ನಾನು ಉಡುಗೊರೆ ಸಾಮಾನು ಕಾಯಲು ಮೇಲೇ ಉಳಿದೆ. ಹೊರಗೆ ಮಳೆ. ವಾಲಗದವರು ಮೂಲೆಯಲ್ಲಿ ಕೂತು ಟೀ ಕುಡಿದರು. ವಯಸ್ಸಾದವರು ಪೀಪಿ ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು, ಯಾರೂ ಕೇಳದೇ ಇದ್ದರೂ, ಖರಹರಪ್ರಿಯ ಎತ್ತಿಕೊಂಡರು. ಬೆಳಿಗ್ಗೆಯಿಂದ ಸಿನಿಮಾ ಹಾಡು ನುಡಿಸಿ ಅಂತ ಚೀಟಿ ಕಳಿಸಿದ್ದೆವು ನಾವೇ. ಈಗ ಅವರಿಗೋಸ್ಕರ ಅವರು ನುಡಿಸಿಕೊಳ್ಳುತ್ತಿದ್ದರು. ಡೋಲಿನ ಹುಡುಗ ಬೆರಳಿನ ಟೋಪಿಗಳನ್ನು ತೆಗೆದು ಪಕ್ಕದಲ್ಲಿ ಸಾಲಾಗಿ ಇಟ್ಟು, ಬರಿಗೈಯಲ್ಲಿ ಮೆಲ್ಲಗೆ ತಟ್ಟುತ್ತಿದ್ದ.

ಫೋನ್ ತೆಗೆದು ಕುರ್ಚಿ ಮೇಲಿಟ್ಟೆ. ಹನ್ನೊಂದು ನಿಮಿಷ ಇದೆ. ಏಳನೇ ನಿಮಿಷದಲ್ಲಿ ಕೆಳಗಿಂದ ‘ಪಾಯಸ, ಪಾಯಸ’ ಅಂತ ಬಡಿಸುವವರ ಕೂಗು. ಅದಕ್ಕೆ ಅವರು ನಕ್ಕದ್ದು ಪೀಪಿಯಲ್ಲೇ ಗೊತ್ತಾಗುತ್ತದೆ, ಸ್ವರ ಒಂದು ಸಣ್ಣಗೆ ನಡುಗುತ್ತದೆ. ನನ್ನ ಹತ್ತಿರ ದೊಡ್ಡ ದೊಡ್ಡವರ ಖರಹರಪ್ರಿಯ ಎಲ್ಲಾ ಇದೆ. ಈ ಪಾಯಸದ್ದೇ ಜಾಸ್ತಿ ಕೇಳುವುದು.

ಗೌರಿಬಿದನೂರು ಅಕ್ಕ:
ಕಳಿಸಪ್ಪಾ ಅದನ್ನ.

ಕ್ಯಾತ್ಸಂದ್ರ ಪ್ಯಾಸೆಂಜರ್:
ನನಗೂ.

ತನಿ ಪ್ರಿಯ:
ನನಗೂ. ಬರಿಗೈ ಡೋಲು ಕೇಳಬೇಕು.

ನನ್ನ ಸರದಿ. ನೀವೆಲ್ಲ ರಾಗ ರಾಗ ಅನ್ನುತ್ತೀರಿ. ಕಛೇರಿಯಲ್ಲಿ ತನಿ ಆವರ್ತನ, ಅಂದರೆ ಮೃದಂಗದವರು ತಾವೇ ಬಾರಿಸುವ ಭಾಗ, ಶುರುವಾದ ತಕ್ಷಣ ಕಾಫಿಗೆ ಎದ್ದು ಹೋಗುವವರೂ ನೀವೇ. ನಾನು ಹೇಳುವುದು ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ ಇರುವ ಯಾವುದಾದರೂ ಹಳೇ ಕಛೇರಿ. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ ಹಾಡಿರುವುದು ಸಿಕ್ಕರೆ ಇನ್ನೂ ಒಳ್ಳೆಯದು. ತನಿ ಮಾತ್ರ ಅಲ್ಲ, ಹಾಡಿನ ಮಧ್ಯೆ ಅವರು ಬಾರಿಸದೆ ಬಿಡುವ ಜಾಗ ಕೇಳಿ. ಮೈಕೇ ಬೇಡ ಅಂತ ಹಟ ಹಿಡಿದಿದ್ದ ಮನುಷ್ಯ ಅವರು. ಈಗ ಕೆಲವು ಕಡೆ ಮೃದಂಗಕ್ಕೆ ಕೊಡುವ ಸೌಂಡು ಕೇಳಿದರೆ ಆ ಹಟ ನನಗೆ ಅರ್ಥವಾಗುತ್ತದೆ.

ಶ್ರುತಿಪೆಟ್ಟಿಗೆ:
‘ಯಾವುದಾದರೂ’ ಅಂದರೆ ಅದು ಪಟ್ಟಿಯೇ. ದಂಡ.

ತನಿ ಪ್ರಿಯ:
ಒಪ್ಪಿದೆ. ಒಂದು ತಟ್ಟೆ ಇಡ್ಲಿ, ಚಟ್ನಿ ಜಾಸ್ತಿ.

ಚಿಂತಾಮಣಿ ಕಡ್ಲೆಕಾಯಿ:
ನನ್ನದು ಇನ್ನೂ ಹೇಳಿಲ್ಲ. ಬಾಲಮುರಳಿಕೃಷ್ಣ ಅವರ ‘ನಗುಮೋಮು’, ಆಭೇರಿ. ಅವರಿಗೂ ತೆಲುಗು ಮನೆಮಾತು, ಅದು ಕೇಳಿದರೇ ಗೊತ್ತಾಗುತ್ತದೆ. ಪದ ಎಲ್ಲಿ ಒಡೆಯಬೇಕೋ ಅಲ್ಲೇ ಒಡೆಯುತ್ತಾರೆ.

ಚರಣ ಕೇಳಿ. ರಾಮ ಬರುತ್ತಿಲ್ಲ. ಯಾಕಿರಬಹುದು ಅಂತ ತ್ಯಾಗರಾಜರು ಯೋಚನೆ ಮಾಡುತ್ತಾರೆ. ಗರುಡ ನಿನ್ನ ಮಾತು ಕೇಳಿ ಬೇಗ ಹೊರಡಲಿಲ್ಲವೋ? ‘ಗಗನಾನಿಕಿಲಕು ಬಹು ದೂರಂಬನಿನಾಡೋ’, ಅಂದರೆ ಆಕಾಶದಿಂದ ಭೂಮಿಗೆ ಬಹಳ ದೂರ ಅಂತ ಹೇಳಿಬಿಟ್ಟನೋ? ನಮ್ಮ ಬಸ್ ಸ್ಟ್ಯಾಂಡಿನ ಆಟೋದವರ ಹಾಗೆ! ಅಜ್ಜಿಗೆ ಇದು ಬಂದಾಗಲೆಲ್ಲ ನಗು. ದೇವರ ಗಾಡಿಗೂ ಬಾಡಿಗೆ ತಕರಾರು ಅನ್ನುತ್ತಿದ್ದರು. ಈ ಸಾಲನ್ನು ಕೆಲವರು ಅಳುತ್ತಾ ಹಾಡುತ್ತಾರೆ. ಅಳು ಇದೆ, ಇಲ್ಲ ಅನ್ನಲ್ಲ. ಆದರೆ ಸಲಿಗೆಯ ಕುಟುಕೂ ಇದೆ. ಅದು ಬಾಲಮುರಳಿಯವರ ದನಿಯಲ್ಲಿ ನನಗೆ ಸಿಗುತ್ತದೆ.

ಶ್ರುತಿಪೆಟ್ಟಿಗೆ:
ಅದು ಆಭೇರಿ ಅನ್ನುವುದೇ ತಕರಾರಿನ ಮಾತು. ಮುತ್ತುಸ್ವಾಮಿ ದೀಕ್ಷಿತರು ಆಭೇರಿಯಲ್ಲೇ ಮಾಡಿದ ‘ವೀಣಾಭೇರಿ’ ಕೇಳಿ. ಅಲ್ಲಿ ಶುದ್ಧ ಧೈವತ, ಅಂದರೆ ಕೆಳಗಿನ ‘ಧ’. ಈಗ ನಗುಮೋಮಿಗೆ ಎಲ್ಲರೂ ಹಾಕುವುದು ಚತುಶ್ರುತಿ ಧೈವತ, ಮೇಲಿನ ‘ಧ’. ಅದನ್ನು ಕರ್ನಾಟಕ ದೇವಗಾಂಧಾರಿ ಅನ್ನಬೇಕು ಅನ್ನುವವರಿದ್ದಾರೆ.

ಮಾರ್ವಾ ಭಕ್ತ:
ನಾವು ಭೀಮ್‌ಪಲಾಸಿ ಅಂತೀವಿ, ಯಾವ ತಕರಾರೂ ಇಲ್ಲ. ಮಧ್ಯಾಹ್ನ ಊಟ ಆದ ಮೇಲೆ ಹಾಡೋದು.

ಗೌರಿಬಿದನೂರು ಅಕ್ಕ:
ಈಗ ಮಾತ್ರ ಹೊತ್ತು ನೆನಪಾಯ್ತಾ?

ಚಿಂತಾಮಣಿ ಕಡ್ಲೆಕಾಯಿ:
ಹಳಬರಿಗೆ ನಗುಮೋಮು ಅಂದರೆ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ತಟ್ಟೆ. ಅದೂ ಕೇಳಿ ಅಂತ ಹೇಳಿದರೆ ದಂಡ ಬೀಳುತ್ತೆ, ಹಾಗಾಗಿ ಹೇಳುತ್ತಿಲ್ಲ.

ಇನ್ನೊಂದು ಕೇಳಬೇಕಿತ್ತು. ರೆಕಾರ್ಡಿಂಗ್ ಇಲ್ಲದ ಹಾಡು ಹೇಳಬಹುದಾ? ಇದೇ ಅಜ್ಜಿ ಕಡಲೆಕಾಯಿ ಬಿಡಿಸುತ್ತಾ ಕೈವಾರ ತಾತಯ್ಯನ ತತ್ವಪದ ಹಾಡುತ್ತಿದ್ದರು. ಬಳೆ ಮಾರುತ್ತಿದ್ದ ಯೋಗಿ. 1726ರಲ್ಲಿ ಹುಟ್ಟಿದವರು. ತ್ಯಾಗರಾಜರು ಹುಟ್ಟಿದ್ದು 1767. ಅಂದರೆ ಅವರು ತಿರುವಯ್ಯಾರಿನಲ್ಲಿ ಹಾಡುತ್ತಿದ್ದಾಗ ಇವರು ನಮ್ಮ ಕೈವಾರದಲ್ಲಿ ತೆಲುಗು ಕನ್ನಡ ಎರಡರಲ್ಲೂ ಹಾಡುತ್ತಿದ್ದರು. ಅಜ್ಜಿ ಸಿಪ್ಪೆ ಒಡೆಯುವ ಸದ್ದೇ ತಾಳ. ಟೇಪ್ ರೆಕಾರ್ಡರ್ ಮನೆಯಲ್ಲಿತ್ತು. ನಾವು ಅದರಲ್ಲಿ ಕ್ರಿಕೆಟ್ ಕಾಮೆಂಟರಿ ರೆಕಾರ್ಡ್ ಮಾಡಿದ್ದೇವೆ.

ಹುಳುಮನೆ:
ಕೈವಾರದಲ್ಲಿ ಗುರುಪೂರ್ಣಿಮೆಗೆ ಹಗಲು ರಾತ್ರಿ ಎನ್ನದೆ ಸಂಗೀತ ನಡೆಯುತ್ತದೆ. ಒಂದು ವರ್ಷ ಬೆಳಗಿನ ಜಾವ ಮೂರು ಗಂಟೆಗೆ ಹೋಗಿದ್ದೆ. ಒಬ್ಬ ಹುಡುಗಿ ಪಿಟೀಲು ನುಡಿಸುತ್ತಿದ್ದಳು. ಕೇಳುವವರು ನಲವತ್ತು ಜನ, ಅದರಲ್ಲಿ ಮೂವತ್ತು ಜನ ಮಲಗಿದ್ದರು. ಅವಳು ಒಂದು ಸ್ವರವನ್ನೂ ಕಮ್ಮಿ ಮಾಡಲಿಲ್ಲ. ನಿಮ್ಮಜ್ಜಿಯ ಪದ ಯಾವುದು? ಸಾಲು ನೆನಪಿದ್ದರೆ ಹಾಕಿ, ನಮ್ಮಮ್ಮನಿಗೆ ಗೊತ್ತಿರಬಹುದು.

ಚಿಂತಾಮಣಿ ಕಡ್ಲೆಕಾಯಿ:
ಧ್ವನಿ ನೆನಪಿದೆ, ಸಾಲು ಅರ್ಧ ಮಾತ್ರ. ನಿಮಗೆ ಪ್ರತ್ಯೇಕವಾಗಿ ಕಳಿಸುತ್ತೇನೆ.

ಹೊಸಬ ಶಿರಾ:
ಎಲ್ಲ ಹಳಬರದ್ದೇ ಆಯಿತು. ರೇಡಿಯೋದಲ್ಲಿ ಈಗೇನೂ ಬರಲ್ವಾ?

ತನಿ ಪ್ರಿಯ:
ಬೆಂಗಳೂರಿನ ಅಮೃತವರ್ಷಿಣಿ ಎಫ್‌ಎಂ 100.1 ಇದೆಯಲ್ಲಪ್ಪ. ನನ್ನ ಕಾರಿನಲ್ಲಿ ನೆಲಮಂಗಲದ ತನಕ ಸರಿಯಾಗಿ ಬರುತ್ತೆ. ಆಮೇಲೆ ಒಂದು ಆವರ್ತ ಸಂಗೀತ, ಒಂದು ಆವರ್ತ ಕರಕರ. 2016ರಲ್ಲಿ ಆಕಾಶವಾಣಿಯವರು ರಾಗಂ ಅಂತ ದಿನಪೂರ್ತಿ ಶಾಸ್ತ್ರೀಯ ಸಂಗೀತದ ವಾಹಿನಿ ಶುರು ಮಾಡಿದರು, ಅದು ಫೋನಿನಲ್ಲೂ ಬಂತು. ರೇಡಿಯೋದಲ್ಲಿ ಒಂದು ಸುಖ ಇದೆ. ಮುಂದಿನ ಹಾಡಿಗೆ ಹಾರುವ ಬಟನ್ ಇರಲ್ಲ.

ಗುಬ್ಬಿ ಮೇಷ್ಟ್ರು:
ರಾಮನವಮಿಗೆ ಬೆಂಗಳೂರು ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನಕ್ಕೆ ಹೋಗಿ. ಶ್ರೀರಾಮ ಸೇವಾ ಮಂಡಳಿ 1939ರಿಂದ ಕಛೇರಿ ನಡೆಸುತ್ತಿದೆ. ನಾವು ಟಿಕೆಟ್ ಕೊಳ್ಳದೆ ಪೆಂಡಾಲಿನ ಹೊರಗೆ ರಸ್ತೆ ಬದಿ ನಿಂತು ಕೇಳಿದ್ದೇವೆ. ಮಂಗಳ ಕೇಳಿದರೆ ಕೊನೇ ಬಸ್ಸು ತಪ್ಪುತ್ತದೆ, ಬಸ್ಸು ಹಿಡಿದರೆ ಮಂಗಳ ತಪ್ಪುತ್ತದೆ. ನಾನು ಯಾವಾಗಲೂ ಬಸ್ಸನ್ನೇ ತಪ್ಪಿಸಿಕೊಂಡೆ. ಮೆಜೆಸ್ಟಿಕ್ಕಿನಲ್ಲಿ ಬೆಳಗಾಗುವ ತನಕ ಕೂತು, ಕೇಳಿದ್ದನ್ನು ಬಾಯಲ್ಲೇ ಮತ್ತೊಮ್ಮೆ ಹಾಡಿಕೊಳ್ಳುವುದು. ಅದೇ ನಮ್ಮ ರೆಕಾರ್ಡಿಂಗ್.

ಶ್ರುತಿಪೆಟ್ಟಿಗೆ:
ನನ್ನದೂ ಹೇಳಿ ಮುಗಿಸುತ್ತೇನೆ, ಒಂದೇ. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ ವೀಣೆ. ಕೃತಿ ಹೇಳಲ್ಲ, ಹೇಳಿದರೆ ಅದರ ರಾಗಕ್ಕೆ ನೀವೆಲ್ಲ ಜಗಳ ಆಡುತ್ತೀರಿ. ತಂತಿ ಮೀಟಿದ ಮೇಲೆ ಆ ನಾದ ತಾನಾಗಿ ಇಳಿಯಲು ಬಿಡುತ್ತಾರೆ, ಮಧ್ಯೆ ಕೈ ಹಾಕುವುದಿಲ್ಲ. ಅಷ್ಟೇ ಕಾರಣ.

ತನಿ ಪ್ರಿಯ:
ಕೃತಿ ಹೇಳದಿದ್ದರೂ ದಂಡ.

ಕ್ಯಾತ್ಸಂದ್ರ ಪ್ಯಾಸೆಂಜರ್:
ಹತ್ತು ದಿನ ಆಯಿತು, ಲೆಕ್ಕ ಒಪ್ಪಿಸುತ್ತೇನೆ.

ಮೇಷ್ಟ್ರ ಜಗದೋದ್ಧಾರನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗಲೇ ಮುಗಿಯಿತು. ಮತ್ತೆ ಹಾಕಿದೆ. ನಾಲ್ಕು ಸಲ ಆಯಿತು. ಅಕ್ಕನ ಮನ್ಸೂರರು ದೊಡ್ಡಬೆಲೆ ತನಕ ಬಂದರು, ಉಸಿರು ಎಲ್ಲಿ ಅಂತ ನನಗಂತೂ ಸಿಗಲಿಲ್ಲ. ಪೂರಿಯಾ ಧನಾಶ್ರೀಯನ್ನು ವಾಪಸ್ ಬರುವಾಗ ಸಂಜೆ ಕೇಳಿದೆ. ಮಾರ್ವಾ ಭಕ್ತರಿಗೂ ಅಕ್ಕನಿಗೂ ಇಬ್ಬರಿಗೂ ಸಮಾಧಾನ ಆಗಲಿ ಅಂತ. ಸೋಲದೇವನಹಳ್ಳಿ ಹತ್ತಿರ ಹೊತ್ತು ಮುಳುಗುತ್ತಿತ್ತು. ಅಕ್ಕ ಹೇಳಿದ್ದೇ ಸರಿ, ಕ್ಷಮಿಸಿ ಭಕ್ತರೇ.

ತೋಡಿಯ ಕರಕರ ರೈಲಿನ ಸದ್ದಿನಲ್ಲಿ ಕೂಡಿಕೊಂಡು ಯಾವುದು ಯಾವುದು ಅಂತ ಗೊತ್ತಾಗಲಿಲ್ಲ. ಸಹಾನ ಇನ್ನೂ ಕೇಳಿಲ್ಲ. ಕರೆಂಟ್ ಹೋಗಲಿ ಅಂತ ಕಾಯುತ್ತಿದ್ದೇನೆ.

ವಾಲಗದ ಖರಹರಪ್ರಿಯ ಕೇಳುವಾಗ ಇಯರ್‌ಫೋನಿನ ಒಂದು ಕಡೆಯದನ್ನು ಪಕ್ಕದಲ್ಲಿ ಕೂತ ಇಸ್ಪೀಟಿನ ಗೆಳೆಯನಿಗೆ ಕೊಟ್ಟೆ. ಏಳನೇ ನಿಮಿಷದಲ್ಲಿ ಅವನು ತಲೆ ಎತ್ತಿ ಸುತ್ತ ನೋಡಿದ. ‘ಯಾರೋ ಪಾಯಸ ಮಾರ್ತಾ ಇದಾರಾ?’ ಅಂದ.

ವಾಸುದೇವಯನಿ ಮೊದಲಿನ ಹಾಗಿಲ್ಲ. ನಿನ್ನೆ ಅದನ್ನು ಕೇಳುತ್ತಾ ಆಫೀಸಿನ ಗೇಟಿಗೆ ಬಂದೆ. ಅಲ್ಲಿನ ಸೆಕ್ಯೂರಿಟಿಯವರು ದಿನಾ ಸಲಾಂ ಹೊಡೆಯುವವರು. ನಿನ್ನೆ ನಾನೇ ಮೊದಲು ಕೈ ಮುಗಿದೆ. ಅವರು ಗಾಬರಿಯಾಗಿ ‘ಏನ್ ಸಾರ್, ಪ್ರಮೋಷನ್ನಾ?’ ಅಂದರು.

ಚಿಂತಾಮಣಿ ಕಡ್ಲೆಕಾಯಿ:
😂 ಏನು ಹೇಳಿದಿರಿ?

ಕ್ಯಾತ್ಸಂದ್ರ ಪ್ಯಾಸೆಂಜರ್:
ಕಲ್ಯಾಣಿ ಅಂದೆ. ಯಾರಿಗೆ, ಮಗಳಿಗಾ ಅಂದರು.

ಶ್ರುತಿಪೆಟ್ಟಿಗೆ:
ದಂಡದ ವಿಷಯ ಎಲ್ಲರೂ ಮರೆತ ಹಾಗಿದೆ. ತನಿ ಪ್ರಿಯರದ್ದು ಎರಡು, ನನ್ನದು ಒಂದು. ಭಾನುವಾರ ಎಂಟು ಗಂಟೆಗೆ ಕ್ಯಾತ್ಸಂದ್ರ ಸ್ಟೇಷನ್ ಹತ್ತಿರ ಯಾರು ಯಾರು ಬರುತ್ತೀರಿ?

ತನಿ ಪ್ರಿಯ:
ಎರಡು ಹೇಗೆ? ಒಂದೇ ಒಪ್ಪಿಕೊಂಡದ್ದು.